‘ಇಲ್ಲೊಂದು ಸಹಿ ಹಾಕ್ರಿ’ ಅಂದಾಗ

ಈ ಸಲ ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಕಾಗದದ ಬಗ್ಗೆ ಇವೆ. ಆಪರೇಷನ್ನಿಗೆ ಮುಂಚೆ ಆಸ್ಪತ್ರೆಯವರು ಸಹಿ ಮಾಡಿಸಿಕೊಳ್ಳುವ ಒಪ್ಪಿಗೆ ಪತ್ರದ ಬಗ್ಗೆ. ಕೇಳಿದವರ ಹೆಸರು ಬಿಟ್ಟು ಊರಷ್ಟೇ ಉಳಿಸಿಕೊಂಡಿದ್ದೇವೆ.

ಪ್ರಶ್ನೆ: ನಮ್ಮ ಅವ್ವನಿಗೆ 43 ವರ್ಷ. ಗರ್ಭಚೀಲದಲ್ಲಿ ಗಡ್ಡೆ ಇದೆ, ಚೀಲ ತೆಗೆಯಬೇಕು ಎಂದಿದ್ದಾರೆ. ಒಪ್ಪಿಗೆ ಪತ್ರ ಕನ್ನಡದಲ್ಲೇ ಇದೆ. ನಾನು ಬಿ.ಎ. ಓದಿದ್ದೇನೆ, ಆದರೂ ಅದು ತಲೆಗೆ ಹತ್ತಲಿಲ್ಲ. ಕೇಳಿದರೆ ಸಿಸ್ಟರ್ ‘ಎಲ್ಲಾರೂ ಹಾಕ್ತಾರ್ರಿ’ ಅಂದರು. ಮುಂದಿನ ವಾರ ಆಪರೇಷನ್. ಏನು ನೋಡಿ ಸಹಿ ಮಾಡಿಸಬೇಕು? (ಮೂಡಲಗಿ)

ಉತ್ತರ: ತಪ್ಪು ನಿಮ್ಮ ಓದಿನದಲ್ಲ. ನೀವು ಬರೆದು ಕಳಿಸಿದ ಸಾಲನ್ನೇ ನೋಡೋಣ: ‘ಶಸ್ತ್ರಚಿಕಿತ್ಸೆಯ ಸಂದರ್ಭದಲ್ಲಿ ಉದ್ಭವಿಸಬಹುದಾದ ಅನಿರೀಕ್ಷಿತ ಪರಿಸ್ಥಿತಿಗನುಗುಣವಾಗಿ ವೈದ್ಯರ ವಿವೇಚನೆಗೆ ತಕ್ಕಂತೆ ಹೆಚ್ಚುವರಿ ಅಥವಾ ಪರ್ಯಾಯ ವಿಧಾನವನ್ನು ಕೈಗೊಳ್ಳಲು ನನ್ನ ಸಂಪೂರ್ಣ ಸಮ್ಮತಿಯಿರುತ್ತದೆ.’ ಈ ಒಂದು ಸಾಲಿನ ಹೊಟ್ಟೆಯಲ್ಲಿ ಎರಡು ಬೇರೆ ಬೇರೆ ಸಂಗತಿಗಳು ಕೂತಿವೆ.

ಒಂದು: ದುರ್ಬೀನು ಹಾಕಿ ಸಣ್ಣ ತೂತುಗಳಿಂದ ಆಪರೇಷನ್ ಶುರು ಮಾಡುತ್ತಾರೆ. ಒಳಗೆ ಅಂಗಗಳು ಒಂದಕ್ಕೊಂದು ಅಂಟಿಕೊಂಡಿದ್ದರೆ, ಇಲ್ಲವೇ ರಕ್ತ ನಿಲ್ಲದಿದ್ದರೆ ಹೊಟ್ಟೆ ಕೊಯ್ದು ಮುಗಿಸುತ್ತಾರೆ. ಇದು ಅವ್ವನ ಜೀವ ಕಾಯುವ ಮಾತು. ಇದಕ್ಕೆ ಒಪ್ಪುವುದು ಸರಿ. ಎರಡು: ಒಳಗೆ ಇನ್ನೇನಾದರೂ ಕಂಡರೆ ಅದನ್ನೂ ತೆಗೆಯುತ್ತಾರೆ. ಇಲ್ಲಿ ನೀವು ತಡೆದು ಕೇಳಬೇಕು. ಗರ್ಭಚೀಲದ ಎರಡೂ ಬದಿಗೆ ಅಂಡಾಶಯಗಳಿವೆ. ಮುಟ್ಟು ಇನ್ನೂ ನಿಲ್ಲದ ಹೆಂಗಸಿಗೆ ಅವೆರಡನ್ನೂ ತೆಗೆದರೆ ಮುಟ್ಟು ನಿಲ್ಲುವ ವಯಸ್ಸು ರಾತ್ರೋರಾತ್ರಿ ಬಂದಂತೆ. ಮೈ ಕಾವೇರುವುದು, ನಿದ್ದೆ ಕೆಡುವುದು ಶುರುವಾಗುತ್ತದೆ. ಮೂಳೆ ಬೇಗ ಸವೆಯುತ್ತದೆ. ಕೆಲವರಿಗೆ ತೆಗೆಯುವುದೇ ಸರಿ ಇರಬಹುದು, ಆದರೆ ಅದನ್ನು ನಿಮ್ಮ ಅವ್ವ ಎಚ್ಚರ ಇದ್ದಾಗ ಡಾಕ್ಟರ ಜೊತೆ ಕೂತು ತೀರ್ಮಾನಿಸಬೇಕು. ಅವರು ಟೇಬಲ್ ಮೇಲೆ ಮಲಗಿದ್ದಾಗ ಹೊರಗೆ ಕೂತ ನಿಮ್ಮನ್ನು ಕೇಳಿ ತೀರ್ಮಾನಿಸುವ ವಿಷಯವಲ್ಲ ಅದು.

ಇದು ನಮ್ಮ ಅಭಿಪ್ರಾಯ ಮಾತ್ರವಲ್ಲ. ದೆಹಲಿಯಲ್ಲಿ 44 ವರ್ಷದ ಅವಿವಾಹಿತ ಮಹಿಳೆಯೊಬ್ಬರು ದುರ್ಬೀನು ಹಾಕಿ ನೋಡುವ ಪರೀಕ್ಷೆಗೆ ಒಪ್ಪಿದ್ದರು. ಅವರು ಎಚ್ಚರ ತಪ್ಪಿದ್ದಾಗ ಹೊರಗಿದ್ದ ತಾಯಿಯ ಒಪ್ಪಿಗೆ ಪಡೆದು ಗರ್ಭಚೀಲ, ಅಂಡಾಶಯ ಎರಡನ್ನೂ ತೆಗೆಯಲಾಯಿತು. ಸಮೀರಾ ಕೊಹ್ಲಿ ಪ್ರಕರಣ ಎಂದು ಹೆಸರಾದ ಈ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2008ರ ಜನವರಿ 16ರಂದು ತೀರ್ಪು ಕೊಟ್ಟಿತು: ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಚಿಕಿತ್ಸೆಗೆ ಒಪ್ಪಿಗೆ ಆಗುವುದಿಲ್ಲ, ಜೀವಕ್ಕೆ ತಕ್ಷಣದ ಅಪಾಯ ಇಲ್ಲದಿದ್ದಾಗ ವಯಸ್ಕ ರೋಗಿಯ ಬದಲು ತಾಯಿ ಒಪ್ಪುವಂತಿಲ್ಲ. ರೋಗಿಗೆ ಏನೇನು ಹೇಳಬೇಕು ಎಂಬುದನ್ನೂ ಅದೇ ತೀರ್ಪು ಹೇಳಿದೆ. ಏನು ಮಾಡುತ್ತಾರೆ, ಯಾಕೆ, ಅದರಿಂದ ಏನು ಲಾಭ, ಬೇರೆ ದಾರಿ ಇದ್ದರೆ ಯಾವುದು, ಮುಖ್ಯ ಅಪಾಯಗಳೇನು, ಬೇಡ ಅಂದರೆ ಏನಾಗುತ್ತದೆ. ಲಕ್ಷಕ್ಕೊಬ್ಬರಿಗೆ ಆಗುವ ತೊಂದರೆಯನ್ನೆಲ್ಲ ಪಟ್ಟಿ ಮಾಡಬೇಕಿಲ್ಲ ಎಂದೂ ಹೇಳಿದೆ, ಅದು ನ್ಯಾಯವಾದ ಮಾತು.

ಅವ್ವನ ವಿಷಯದಲ್ಲಿ ‘ಬೇರೆ ದಾರಿ’ ಎಂದರೆ ಮಾತ್ರೆ, ಚೀಲದೊಳಗೆ ಇಡುವ ಹಾರ್ಮೋನ್ ಸಾಧನ, ಗಡ್ಡೆಯನ್ನಷ್ಟೇ ತೆಗೆಯುವುದು ಇಂಥವು. ಇವು ಅವರಿಗೆ ಒಗ್ಗದೇ ಇರಬಹುದು. ಒಗ್ಗುವುದಿಲ್ಲ ಎಂದರೆ ಯಾಕೆ ಎಂದು ಕೇಳಿ ತಿಳಿದುಕೊಳ್ಳಿ. ಮುಖ್ಯ ಅಪಾಯಗಳಲ್ಲಿ ರಕ್ತಸ್ರಾವ, ನಂಜು, ಮೂತ್ರದ ಚೀಲಕ್ಕೋ ಕಿಡ್ನಿಯಿಂದ ಬರುವ ನಾಳಕ್ಕೋ ಪೆಟ್ಟು ಬೀಳುವುದು ಸೇರಿವೆ. ಈ ಆಸ್ಪತ್ರೆಯಲ್ಲಿ ಹಾಗಾದರೆ ಸರಿಪಡಿಸುವವರು ಇದ್ದಾರೆಯೇ, ಇಲ್ಲವೇ ಬೆಳಗಾವಿಗೆ ಕಳಿಸುತ್ತಾರೆಯೇ ಎಂದು ಕೇಳಿ. ಮೂಡಲಗಿ ಕಡೆಯವರಿಗೆ ಈ ಪ್ರಶ್ನೆ ಎಲ್ಲಕ್ಕಿಂತ ಮುಖ್ಯ, ಯಾವ ಕಾಗದದಲ್ಲೂ ಇದು ಅಚ್ಚಾಗಿರುವುದಿಲ್ಲ.

ಇನ್ನು ಕಾಗದ. ನಮ್ಮ ಮಟ್ಟಿಗೆ ಕಠಿಣ ಪದಕ್ಕಿಂತ ಖಾಲಿ ಗೆರೆಯ ಅಪಾಯ ದೊಡ್ಡದು. ಅಚ್ಚಾದ ಭಾಗ ಎಲ್ಲರಿಗೂ ಒಂದೇ. ನಿಮ್ಮ ಅವ್ವನಿಗೆ ಸಂಬಂಧಪಟ್ಟದ್ದು ಪೆನ್ನಿನಲ್ಲಿ ತುಂಬಿದ ಭಾಗ. ಆಪರೇಷನ್ನಿನ ಹೆಸರಿನ ಮುಂದೆ ‘ಟಿಎಎಚ್’ (ಹೊಟ್ಟೆ ಕೊಯ್ದು ಇಡೀ ಗರ್ಭಚೀಲ ತೆಗೆಯುವುದು) ಎಂಬ ಮೂರಕ್ಷರ ಇದ್ದರೆ ಪೂರ್ತಿ ಬರೆಯಿಸಿ. ಅದರ ಮುಂದೆ ‘ಬಿಎಸ್‌ಒ’ ಎಂದಿದ್ದರೆ ಎರಡೂ ಅಂಡಾಶಯ, ಎರಡೂ ಅಂಡನಾಳ ತೆಗೆಯುತ್ತಾರೆ ಎಂದರ್ಥ. ಅಷ್ಟು ದೊಡ್ಡ ಸಂಗತಿ ಮೂರೇ ಅಕ್ಷರದಲ್ಲಿ ಅಡಗಿರುತ್ತದೆ. ಯಾವ ಡಾಕ್ಟರು, ಯಾವ ಬಗೆಯ ಅರಿವಳಿಕೆ, ಅಪಾಯಗಳು, ತಾರೀಖು, ವೇಳೆ ಇವೆಲ್ಲ ಸಹಿಗೆ ಮೊದಲೇ ತುಂಬಿರಲಿ. ಕಣ್ಣು, ಮೊಣಕಾಲು, ಕಿಡ್ನಿ, ಹರ್ನಿಯಾ ಇದ್ದವರು ಎಡವೋ ಬಲವೋ ಎಂಬುದನ್ನೂ ನೋಡಿ. ‘ಆಮೇಲೆ ತುಂಬ್ತೀವ್ರಿ’ ಅಂದರೆ ‘ತುಂಬ್ರಿ, ಆಮ್ಯಾಲೆ ಸಹಿ ಮಾಡ್ತೀವಿ’ ಅನ್ನಿ. ಜಗಳದ ಮಾತಲ್ಲ ಅದು. ಫಾರ್ಮನ್ನು ಹಿಂದಿನ ದಿನವೇ ಕೇಳಿ ಪಡೆದು, ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ. ಮರೆಯಬೇಡಿ, ಅವ್ವನ ಚಾಳೀಸು ಒಯ್ಯಿರಿ.

ಪ್ರಶ್ನೆ: ನನ್ನ ಆಪರೇಷನ್ನಿಗೆ ನನ್ನ ಗಂಡ ಮತ್ತು ಭಾವನ ಸಹಿ ತೆಗೆದುಕೊಂಡರು. ನನ್ನನ್ನು ಯಾರೂ ಕೇಳಲಿಲ್ಲ. ಯಾರ ಸಹಿ ನಡೆಯುತ್ತದೆ? (ಇಂಡಿ)

ಉತ್ತರ: ನಿಮ್ಮದು. 18 ದಾಟಿದ, ಎಚ್ಚರವಿರುವ, ಕೇಳಿ ತೀರ್ಮಾನ ಮಾಡಬಲ್ಲ ಯಾರೇ ಆಗಲಿ ತಮ್ಮ ದೇಹಕ್ಕೆ ತಾವೇ ಒಪ್ಪಿಗೆ ಕೊಡಬೇಕು. ಮನೆಯವರು ಸಾಕ್ಷಿಯಾಗಿ ಸಹಿ ಮಾಡಬಹುದು, ನಿಮ್ಮ ಬದಲಿಗೆ ಮಾಡುವಂತಿಲ್ಲ. ಓದು ಬರಹ ಬರದಿದ್ದರೂ ಇದೇ ಮಾತು. ಕಾಗದವನ್ನು ಓದಿ ಹೇಳಿದವರು ಯಾರು ಎಂದು ಬರೆದು, ನಿಮ್ಮ ಹೆಬ್ಬೆಟ್ಟು ಒತ್ತಿಸಿಕೊಂಡು, ಆಸ್ಪತ್ರೆಯ ನೌಕರರಲ್ಲದ ಒಬ್ಬರ ಸಾಕ್ಷಿ ಹಾಕಿಸಿದರೆ ಒಳ್ಳೆಯದು.

ಗಂಡನ ಸಹಿಯ ಮಾತು ವೈದ್ಯರ ವೃತ್ತಿ ನಡತೆಯ 2002ರ ನಿಯಮಗಳಲ್ಲಿದೆ. ಮುಂದೆ ಮಕ್ಕಳಾಗದಂತೆ ಮಾಡಬಹುದಾದ ಆಪರೇಷನ್ನಿಗೆ ಗಂಡ ಹೆಂಡತಿ ಇಬ್ಬರ ಒಪ್ಪಿಗೆ ಬೇಕು ಎಂದು ಅಲ್ಲಿದೆ. ಇಬ್ಬರದು ಎಂದರೆ ಹೆಂಡತಿಯದು ಬಿಟ್ಟಲ್ಲ. ಗರ್ಭಪಾತಕ್ಕೆ ಕಾನೂನು ಇನ್ನೂ ಸ್ಪಷ್ಟ: 1971ರ ಕಾಯ್ದೆಯ ಪ್ರಕಾರ 18 ತುಂಬಿದ ಹೆಂಗಸಿನ ಒಬ್ಬಳದೇ ಒಪ್ಪಿಗೆ ಸಾಕು, ಗಂಡನ ಸಹಿ ಬೇಡ. ಸರಕಾರಿ ಕುಟುಂಬ ಯೋಜನೆ ಆಪರೇಷನ್ನಿಗೂ ಕೇಂದ್ರ ಆರೋಗ್ಯ ಇಲಾಖೆಯ ಮಾರ್ಗಸೂಚಿ ಸಂಗಾತಿಯ ಒಪ್ಪಿಗೆಯನ್ನು ಕಡ್ಡಾಯ ಮಾಡಿಲ್ಲ.

ಪ್ರಶ್ನೆ: ನಾನು 30 ಹಾಸಿಗೆಯ ನರ್ಸಿಂಗ್ ಹೋಮಿನಲ್ಲಿ ಸ್ಟಾಫ್ ನರ್ಸ್. ನಮ್ಮ ಫಾರ್ಮುಗಳನ್ನು ಸರಳ ಕನ್ನಡಕ್ಕೆ ತರಬೇಕೆಂದು ಡಾಕ್ಟರು ಒಪ್ಪಿದ್ದಾರೆ. ಬರಹ ಓದಲು ಎಷ್ಟು ಸುಲಭ ಎಂದು ಕಂಪ್ಯೂಟರಿನಲ್ಲಿ ಅಂಕ ಕೊಡುವ ತಂತ್ರಾಂಶಕ್ಕೆ ಹಾಕಿದರೆ ಎಷ್ಟು ತಿದ್ದಿದರೂ ‘ಬಹಳ ಕಠಿಣ’ ಅನ್ನುತ್ತಿದೆ. ಏನು ಮಾಡಲಿ? (ಬೆಳಗಾವಿ)

ಉತ್ತರ: ಆ ಅಂಕವನ್ನು ಕೈಬಿಡಿ. ಅದು ಇಂಗ್ಲಿಷಿಗಾಗಿ ಮಾಡಿದ ಫ್ಲೆಶ್ ಸೂತ್ರ. ಒಂದು ವಾಕ್ಯಕ್ಕೆ ಎಷ್ಟು ಪದ, ಒಂದು ಪದಕ್ಕೆ ಎಷ್ಟು ಉಚ್ಚಾರ ಎಂದು ಎಣಿಸಿ, 206.835ರಿಂದ ಮೊದಲನೆಯದರ 1.015 ಪಟ್ಟು, ಎರಡನೆಯದರ 84.6 ಪಟ್ಟು ಕಳೆಯುತ್ತದೆ. ಉತ್ತರ 100ರ ಹತ್ತಿರ ಬಂದರೆ ಬಹಳ ಸುಲಭ, 30ರ ಕೆಳಗೆ ಇಳಿದರೆ ಬಹಳ ಕಠಿಣ. ‘ಮಗು ಹಾಲು ಕುಡಿಯಿತು’ ಎಂಬುದನ್ನು ಹಾಕಿ ನೋಡಿ. ಮೂರು ಪದ, ಎಂಟು ಉಚ್ಚಾರ. ಬರುವ ಅಂಕ ಸೊನ್ನೆಗಿಂತ 22 ಕಡಿಮೆ! ಅದೇ ಮಾತನ್ನು ಇಂಗ್ಲಿಷಿನಲ್ಲಿ ಒಂದೊಂದೇ ಉಚ್ಚಾರದ ನಾಲ್ಕು ಪದಗಳಲ್ಲಿ ಹೇಳಬಹುದು, ಅಂಕ 118. ಕನ್ನಡದಲ್ಲಿ ವಿಭಕ್ತಿ, ಕಾಲ, ಲಿಂಗ ಎಲ್ಲ ಪದದ ಬಾಲಕ್ಕೇ ಅಂಟಿಕೊಳ್ಳುವುದರಿಂದ ಪದ ಉದ್ದವಾಗುತ್ತದೆ. ಉದ್ದವಾದ ಮಾತ್ರಕ್ಕೆ ಅದು ಕಠಿಣವಲ್ಲ. ಆರನೇ ತರಗತಿಯ ಮಟ್ಟಕ್ಕೆ ಬರೆಯಬೇಕು ಎಂಬ ಅಮೆರಿಕದ ವೈದ್ಯರ ಸಂಘದ ಸಲಹೆಯ ಆಶಯ ನಮಗೂ ಸರಿಯೇ, ಅಳತೆಗೋಲು ಮಾತ್ರ ಬೇರೆ ಬೇಕು. ನಮ್ಮಲ್ಲಿ ಆ ಅಳತೆಗೋಲು ವರಾಂಡದಲ್ಲಿ ಕೂತ ಮನುಷ್ಯ.

ಕನ್ನಡ ಫಾರ್ಮು ಎಲ್ಲೆಲ್ಲಿ ಎಡವುತ್ತದೆ ಎಂದರೆ, ಮೊದಲನೆಯದು ತಪ್ಪು ಅರ್ಥ ಕೊಡುವ ಸುಲಭ ಪದ. ‘ಸಾಮಾನ್ಯ ಅರಿವಳಿಕೆ’ ಎಂಬುದನ್ನು ಓದಿದವರು ‘ಸಾಮಾನ್ಯದ್ದು, ಹಗುರದ್ದು’ ಎಂದುಕೊಳ್ಳುತ್ತಾರೆ. ಅಸಲಿಗೆ ಅದು ಪೂರ್ತಿ ಎಚ್ಚರ ತಪ್ಪಿಸುವಂಥದ್ದು. ‘ಪೂರ್ತಿ ಎಚ್ಚರ ತಪ್ಪಿಸುತ್ತಾರೆ, ಉಸಿರಾಟಕ್ಕೆ ಗಂಟಲಲ್ಲಿ ನಳಿಕೆ ಹಾಕಬಹುದು’ ಎಂದೇ ಬರೆಯಿರಿ. ಬೆನ್ನಿಗೆ ಕೊಡುವುದಾದರೆ ‘ಬೆನ್ನಿಗೆ ಸೂಜಿ ಹಾಕಿ ಸೊಂಟದ ಕೆಳಗೆ ಜೋಮು ಹಿಡಿಸುತ್ತಾರೆ, ನೀವು ಎಚ್ಚರ ಇರುತ್ತೀರಿ’ ಎನ್ನಿ. ‘ಸ್ಥಳೀಯ ಅರಿವಳಿಕೆ’ಗೆ ‘ಕೊಯ್ಯುವ ಜಾಗಕ್ಕಷ್ಟೇ ಮರಗಟ್ಟಿಸುವ ಇಂಜೆಕ್ಷನ್’ ಎಂದರಾಯಿತು. ಮೂತ್ರಪಿಂಡ, ಮೂತ್ರಕೋಶ, ಮೂತ್ರನಾಳ ಮೂರೂ ಓದುವವರ ತಲೆಯಲ್ಲಿ ಕಲಸಿಹೋಗುತ್ತವೆ. ಕಿಡ್ನಿ, ಮೂತ್ರದ ಚೀಲ ಎಂದರೆ ಬೈಲಹೊಂಗಲದಿಂದ ಸಿಂದಗಿಯವರೆಗೆ ಎಲ್ಲರಿಗೂ ಗೊತ್ತು. ಶುದ್ಧ ಕನ್ನಡ ಬೇಕೆಂಬ ಹಟ ಇಲ್ಲಿ ಬೇಡ. ಆಪರೇಷನ್, ಗ್ಲುಕೋಸ್, ಐಸಿಯು ಎಂಬ ಪದಗಳೇ ಜನರ ಬಾಯಲ್ಲಿವೆ.

ಎರಡನೆಯದು ‘ಲಾಗುವುದು’. ‘ಅಂಗಾಂಶವನ್ನು ತೆಗೆಯಲಾಗುವುದು’ ಎಂದರೆ ಯಾರು ತೆಗೆಯುತ್ತಾರೆ, ಏನನ್ನು? ‘ಡಾಕ್ಟರು ಗಂಟಿನಿಂದ ಸಣ್ಣ ತುಣುಕು ತೆಗೆದು ಲ್ಯಾಬಿಗೆ ಕಳಿಸುತ್ತಾರೆ’ ಎಂದು ಬರೆದರೆ ಒಬ್ಬ ಮನುಷ್ಯ ಕಾಣುತ್ತಾನೆ, ಒಂದು ಕೆಲಸ ಕಾಣುತ್ತದೆ. ವಾಕ್ಯಕ್ಕೆ ಒಂದೇ ಸಂಗತಿ, ಎಂಟು ಹತ್ತು ಪದ ಮೀರದಿರಲಿ. ಒಪ್ಪಿಗೆಯ ಎರಡು ಮಾತುಗಳನ್ನು ಒಂದೇ ಸಾಲಿಗೆ ಪೋಣಿಸಬೇಡಿ. ಮೂಡಲಗಿಯ ಓದುಗರ ಪತ್ರದಲ್ಲಿ ಅದರ ಪರಿಣಾಮ ಕಂಡಿರಿ.

ಅಪಾಯವನ್ನು ‘ಅಪರೂಪ’ ‘ಕೆಲವೊಮ್ಮೆ’ ಎಂದು ಬಿಟ್ಟರೆ ಒಬ್ಬೊಬ್ಬರು ಒಂದೊಂದು ಲೆಕ್ಕ ಹಾಕುತ್ತಾರೆ. ನಿಮ್ಮ ಡಾಕ್ಟರಿಂದ ಅಂಕಿ ಪಡೆದು, ‘ಇಂಥ 1,000 ಆಪರೇಷನ್ನಿನಲ್ಲಿ ಇಷ್ಟು ಜನರಿಗೆ’ ಎಂದು ಬರೆಯಿರಿ. ಇಡೀ ಫಾರ್ಮಿನಲ್ಲಿ ಪ್ರತಿ ಅಪಾಯವೂ ಸಾವಿರಕ್ಕೆ ಇಷ್ಟು ಎಂದೇ ಇರಲಿ. ಒಂದು ಕಡೆ 50ಕ್ಕೆ ಒಂದು, ಇನ್ನೊಂದು ಕಡೆ 200ಕ್ಕೆ ಒಂದು ಎಂದರೆ 200 ದೊಡ್ಡ ಸಂಖ್ಯೆ ಎಂದು ಅದನ್ನೇ ಹೆಚ್ಚಿನ ಅಪಾಯ ಎಂದುಕೊಳ್ಳುವವರಿದ್ದಾರೆ.

ಅಚ್ಚಿನ ಬಗ್ಗೆಯೂ ಹೇಳಲೇಬೇಕು. ಹಳೆಯ ನುಡಿ ಫಾಂಟಿನಲ್ಲಿ ಟೈಪು ಮಾಡಿದ ಕಡತವನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಅಕ್ಷರವೇ ಕೆಡುತ್ತದೆ, ಆದ್ದರಿಂದ ಯುನಿಕೋಡ್‌ನಲ್ಲೇ ಇಡಿ. ಝೆರಾಕ್ಸಿನ ಝೆರಾಕ್ಸ್ ತೆಗೆಯುತ್ತ ಹೋದರೆ ಮೊದಲು ಅಳಿಯುವುದು ಒತ್ತಕ್ಷರ. ಮಾಸ್ಟರ್ ಪ್ರತಿಯೊಂದನ್ನು ಫೈಲಿನಲ್ಲಿ ಇಟ್ಟು, ಪ್ರತಿ ಸಲ ಅದರಿಂದಲೇ ತೆಗೆಯಿರಿ. ಅಕ್ಷರ 14 ಪಾಯಿಂಟ್ ಇರಲಿ, ಸಾಲುಗಳ ನಡುವೆ ಗಾಳಿ ಆಡಲಿ. ಎಲ್ಲ ಆಪರೇಷನ್ನಿಗೆ ಒಂದೇ ಫಾರ್ಮು ಮಾಡುವ ಬದಲು ನಿಮ್ಮಲ್ಲಿ ಹೆಚ್ಚು ಆಗುವ ಐದಾರಕ್ಕೆ ಬೇರೆ ಬೇರೆ ಮಾಡಿ: ಸಿಸೇರಿಯನ್, ಗರ್ಭಚೀಲ, ಅಪೆಂಡಿಕ್ಸ್, ಹರ್ನಿಯಾ, ಪಿತ್ತದ ಚೀಲದ ಕಲ್ಲು. ಹೀಗೆ ಮಾಡಿದರೆ ಖಾಲಿ ಗೆರೆಗಳೂ ಅರ್ಧಕ್ಕರ್ಧ ಕಡಿಮೆಯಾಗುತ್ತವೆ.

ಬೆಳಗಾವಿ ಆದ್ದರಿಂದ ಮರಾಠಿ ಪ್ರತಿ ಬೇಕೇ ಬೇಕು. ಒಬ್ಬರು ಮರಾಠಿಗೆ ತರಲಿ, ಕನ್ನಡ ಮೂಲವನ್ನು ನೋಡದ ಇನ್ನೊಬ್ಬರು ಅದನ್ನು ಮರಳಿ ಕನ್ನಡಕ್ಕೆ ತರಲಿ. ಎರಡು ಕನ್ನಡ ಪ್ರತಿಗಳನ್ನು ಪಕ್ಕಪಕ್ಕ ಇಟ್ಟರೆ ಎಲ್ಲಿ ಅರ್ಥ ಜಾರಿದೆ ಎಂದು ಕಾಣುತ್ತದೆ. ರೋಗಿಯನ್ನು ಕೇಳುವಾಗ ‘ಯಾವ ಭಾಷೆ ಮಾತಾಡ್ತೀರಿ’ ಎನ್ನುವುದರ ಜೊತೆಗೆ ‘ಯಾವ ಭಾಷೆ ಓದ್ತೀರಿ’ ಎಂದೂ ಕೇಳಿ. ಮನೆಯಲ್ಲಿ ಉರ್ದು ಆಡಿದರೂ ಶಾಲೆಯಲ್ಲಿ ಕಲಿತ ಕನ್ನಡವನ್ನೇ ಓದುವವರು ಈ ಮೂರೂ ಜಿಲ್ಲೆಗಳಲ್ಲಿದ್ದಾರೆ. ಅನುವಾದಿಸಿ ಹೇಳಲು ಹತ್ತು ವರ್ಷದ ಮಗನನ್ನು ನಿಲ್ಲಿಸಬೇಡಿ. ಅವ್ವನ ಗರ್ಭಚೀಲದ ಮಾತು ಮಗುವಿನ ಬಾಯಲ್ಲಿ ಬರಬಾರದು, ಪೂರ್ತಿಯಾಗಿ ಬರುವುದೂ ಇಲ್ಲ.

ಫಾರ್ಮು ಸಿದ್ಧವಾದ ಮೇಲೆ ಆಸ್ಪತ್ರೆಗೆ ಸಂಬಂಧವಿಲ್ಲದ ಎಂಟು ಹತ್ತು ಜನರಿಗೆ ಓದಲು ಕೊಡಿ. ಏಳನೆಯ ಇಯತ್ತೆ ಮುಗಿಸಿದವರು, ವಯಸ್ಸಾದವರು, ನೇಕಾರಿಕೆ ಮಾಡುವವರು, ಕಬ್ಬು ಕಡಿಯುವವರು ಅದರಲ್ಲಿರಲಿ. ‘ತಿಳೀತೇನ್ರಿ?’ ಎಂದು ಕೇಳಬೇಡಿ, ‘ಹೂಂ ರೀ’ ಎಂಬ ಒಂದೇ ಉತ್ತರ ಬರುತ್ತದೆ. ‘ಮನಿಗೆ ಹೋಗಿ ನಿಮ್ಮ ಅತ್ತಿಗೆ ಏನಂತ ಹೇಳ್ತೀರಿ?’ ಎಂದು ಕೇಳಿ. ಏನು ಆಪರೇಷನ್, ಯಾಕೆ, ಏನು ಕೆಡಬಹುದು, ಮಾಡಿಸದಿದ್ದರೆ ಏನು, ಈ ನಾಲ್ಕು ಅವರ ಮಾತಿನಲ್ಲಿ ಬಂದರೆ ಫಾರ್ಮು ಗೆದ್ದಿತು. ಮೂರು ಜನ ಒಂದೇ ಕಡೆ ಎಡವಿದರೆ ತಿದ್ದಬೇಕಾದ್ದು ಆ ಸಾಲನ್ನು. ವಾರ್ಡಿನಲ್ಲೂ ಪ್ರತಿ ರೋಗಿಗೆ ಇದೇ ಪ್ರಶ್ನೆ ಕೇಳಿ, ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಎರಡು ಸಾಲು ಬರೆದುಕೊಳ್ಳಲು ಫಾರ್ಮಿನಲ್ಲಿ ಜಾಗ ಬಿಡಿ. ಐದು ನಿಮಿಷದ ಕೆಲಸ ಅದು. ನಾಳೆ ತಕರಾರು ಬಂದರೆ ಅಚ್ಚಾದ ಹತ್ತು ಪುಟಕ್ಕಿಂತ ಆ ಎರಡು ಸಾಲು ನಿಮ್ಮ ಡಾಕ್ಟರನ್ನು ಚೆನ್ನಾಗಿ ಕಾಯುತ್ತವೆ.

ಪ್ರಶ್ನೆ: ‘ಹೈ ರಿಸ್ಕ್’ ಅಂತ ಬರೆದ ಕಾಗದಕ್ಕೆ ಸಹಿ ಮಾಡಿದರೆ ಆಮೇಲೆ ಏನಾದರೂ ಕೇಳುವ ಹಕ್ಕು ಹೋಗುತ್ತದೆಯೇ? (ಇಳಕಲ್ಲ)

ಉತ್ತರ: ಹೋಗುವುದಿಲ್ಲ. ನೀವು ಒಪ್ಪಿದ್ದು ಸರಿಯಾಗಿ ಮಾಡಿದರೂ ಆಗಬಹುದಾದ ತೊಂದರೆಗೆ. ಹೊಟ್ಟೆಯಲ್ಲಿ ಬಟ್ಟೆ ಬಿಟ್ಟು ಹೊಲಿಯುವುದಕ್ಕೆ, ಬೇರೆ ಗುಂಪಿನ ರಕ್ತ ಕೊಡುವುದಕ್ಕೆ ಯಾರೂ ಒಪ್ಪಿಗೆ ಕೊಟ್ಟಿರುವುದಿಲ್ಲ. ‘ಯಾವುದೇ ಪರಿಣಾಮಕ್ಕೆ ಆಸ್ಪತ್ರೆ ಹೊಣೆಯಲ್ಲ’ ಎಂಬ ಸಾಲು ಎಷ್ಟು ದಪ್ಪಕ್ಷರದಲ್ಲಿದ್ದರೂ ನಿರ್ಲಕ್ಷ್ಯವನ್ನು ಮುಚ್ಚಲಾರದು. ಹಾಗೆಯೇ, ಕೆಟ್ಟ ಫಲಿತಾಂಶವೆಲ್ಲ ನಿರ್ಲಕ್ಷ್ಯವಲ್ಲ ಎಂಬುದನ್ನೂ ನೆನಪಿಡಿ. ಹೈ ರಿಸ್ಕ್ ಎಂದಾಗ ಮುಖ್ಯವಾಗಿ ಕೇಳಬೇಕಾದ್ದು ‘ಯಾತಕ್ಕೆ ಹೈ?’ ಎಂದು. ಹೃದಯದಿಂದಲೇ, ಸಕ್ಕರೆ ಕಾಯಿಲೆಯಿಂದಲೇ, ರಕ್ತ ಕಡಿಮೆ ಇರುವುದರಿಂದಲೇ? ಕೆಲವನ್ನು ವಾರೊಪ್ಪತ್ತಿನಲ್ಲಿ ಸರಿಮಾಡಿಕೊಂಡು ಬರಬಹುದು.

ದಾಖಲೆ ಬೇಕಿದ್ದರೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. 2002ರ ಅದೇ ನಿಯಮಗಳ ಪ್ರಕಾರ 72 ಗಂಟೆಯೊಳಗೆ ಕೊಡಬೇಕು, ಒಪ್ಪಿಗೆ ಪತ್ರವೂ ಅದರಲ್ಲಿ ಸೇರಿರಲಿ ಎಂದು ಕೇಳಿ. ಖಾಸಗಿ ಆಸ್ಪತ್ರೆಯ ಮೇಲಿನ ದೂರನ್ನು ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ನೋಂದಣಿ ಮತ್ತು ಕುಂದುಕೊರತೆ ಪರಿಹಾರ ಪ್ರಾಧಿಕಾರಕ್ಕೆ ಕೊಡಬಹುದು, ಜಿಲ್ಲಾ ಆರೋಗ್ಯಾಧಿಕಾರಿ ಅದರ ಸದಸ್ಯ ಕಾರ್ಯದರ್ಶಿ. ಪರಿಹಾರಕ್ಕೆ ಜಿಲ್ಲಾ ಗ್ರಾಹಕರ ಆಯೋಗ ಇದೆ. ಅಲ್ಲಿ ಎರಡು ವರ್ಷದೊಳಗೆ ಹೋಗಬೇಕು.

ಪ್ರಶ್ನೆ: ದೊಡ್ಡ ಆಸ್ಪತ್ರೆಯಲ್ಲಿ ತಂದೆಗೆ ಚಿಕಿತ್ಸೆ ನಡೆದಿದೆ. ‘ಸಂಶೋಧನೆಗೆ’ ಎಂದು ಇನ್ನೊಂದು ಕಾಗದ ಕೊಟ್ಟಿದ್ದಾರೆ. ಬೇಡ ಅಂದರೆ ಚಿಕಿತ್ಸೆ ನಿಲ್ಲಿಸುತ್ತಾರಾ? (ವಿಜಯಪುರ)

ಉತ್ತರ: ನಿಲ್ಲಿಸುವಂತಿಲ್ಲ. ಚಿಕಿತ್ಸೆಯ ಒಪ್ಪಿಗೆ ಬೇರೆ, ಸಂಶೋಧನೆಯ ಒಪ್ಪಿಗೆ ಬೇರೆ. ಎರಡನೆಯದಕ್ಕೆ ಕಾರಣ ಹೇಳದೆ ಬೇಡ ಅನ್ನಬಹುದು. ಒಪ್ಪಿದ ಮೇಲೂ ಯಾವಾಗ ಬೇಕಾದರೂ ಹೊರಬರಬಹುದು. ಹೊಸ ಔಷಧದ ಪ್ರಯೋಗವಾದರೆ 2019ರ ಕೇಂದ್ರ ನಿಯಮಗಳು ಅನ್ವಯಿಸುತ್ತವೆ. ಮಾಹಿತಿ ಪತ್ರದ ಮತ್ತು ಸಹಿಯಾದ ಒಪ್ಪಿಗೆ ಪತ್ರದ ಪ್ರತಿ ತಂದೆಯವರ ಕೈಗೆ ಬರಬೇಕು. ಓದಲು ಬಾರದವರಿಗೆ ಒಪ್ಪಿಗೆಯ ಮಾತುಕತೆ ಮುಗಿಯುವವರೆಗೂ ಪ್ರಯೋಗಕ್ಕೆ ಸಂಬಂಧವಿಲ್ಲದ ಸಾಕ್ಷಿ ಒಬ್ಬರು ಕೂತಿರಬೇಕು. ಪ್ರಯೋಗದಿಂದ ತೊಂದರೆಯಾದರೆ ಚಿಕಿತ್ಸೆ ಉಚಿತ. ಕಾಗದದಲ್ಲಿ ನೈತಿಕ ಸಮಿತಿಯ (ಸಂಶೋಧನೆಯನ್ನು ಪರಿಶೀಲಿಸುವ ಸಮಿತಿಯ) ಫೋನ್ ನಂಬರ್ ಇದೆಯೇ ನೋಡಿ. ಒಪ್ಪುವುದೂ ಒಳ್ಳೆಯ ಕೆಲಸವೇ, ಮುಂದೆ ಬರುವ ರೋಗಿಗಳಿಗೆ ಅದರಿಂದ ಉಪಕಾರ. ತಿಳಿದು ಒಪ್ಪಿರಿ, ಅಷ್ಟೇ.

ಪ್ರಶ್ನೆ: ಹೆದ್ದಾರಿಯಲ್ಲಿ ಅಪಘಾತವಾಗಿ ಎಚ್ಚರ ತಪ್ಪಿದವರಿಗೆ, ಸಂಬಂಧಿಕರು ಇಲ್ಲದಾಗ, ಸಹಿ ಯಾರು ಮಾಡಬೇಕು? (ನಿಪ್ಪಾಣಿ)

ಉತ್ತರ: ಯಾರೂ ಬೇಕಿಲ್ಲ. ಜೀವ ಉಳಿಸಲು ತಕ್ಷಣ ಬೇಕಾದ ಚಿಕಿತ್ಸೆಯನ್ನು ವೈದ್ಯರು ಒಪ್ಪಿಗೆ ಇಲ್ಲದೆಯೇ ಮಾಡಬಹುದು, ಭಾರತೀಯ ನ್ಯಾಯ ಸಂಹಿತೆಯ 30ನೇ ಕಲಂ ಅವರಿಗೆ ರಕ್ಷಣೆ ಕೊಡುತ್ತದೆ. ಕರೆದುಕೊಂಡು ಬಂದ ಲಾರಿ ಡ್ರೈವರನ ಸಹಿಗೆ ಕಾಯುತ್ತ ಕೂಡುವುದು ತಪ್ಪು.

ಪ್ರಶ್ನೆ: ನಿನ್ನೆ ಸಹಿ ಮಾಡಿದೆ. ಇಂದು ಬೇಡ ಅನಿಸಿದೆ. ಹೇಳಬಹುದಾ? (ಮುಧೋಳ)

ಉತ್ತರ: ಥಿಯೇಟರಿನೊಳಗೆ ಹೋಗಿ ಅರಿವಳಿಕೆ ಕೊಡುವ ಕ್ಷಣದವರೆಗೂ ಹೇಳಬಹುದು. ಡ್ಯೂಟಿ ಡಾಕ್ಟರಿಗೆ ತಿಳಿಸಿ, ಕೇಸ್ ಶೀಟಿನಲ್ಲಿ ಬರೆಯಲು ಕೇಳಿ. ಅಂಜಿಕೆಯೇ ಕಾರಣವಾದರೆ ಅದನ್ನೂ ಬಾಯಿ ಬಿಟ್ಟು ಹೇಳಿ, ಅರಿವಳಿಕೆ ಡಾಕ್ಟರ ಜೊತೆ ಹತ್ತು ನಿಮಿಷ ಮಾತಾಡಿದರೆ ಬಹಳ ಅಂಜಿಕೆಗಳು ಇಳಿಯುತ್ತವೆ. ಆದರೂ ಬೇಡವೆಂದರೆ ‘ಚಿಕಿತ್ಸೆ ನಿರಾಕರಿಸಿದ್ದೇನೆ’ ಎಂಬ ಕಾಗದಕ್ಕೆ ಸಹಿ ಕೇಳುತ್ತಾರೆ. ಅದನ್ನೂ ಓದಿಯೇ ಸಹಿ ಮಾಡಿ: ಯಾವುದನ್ನು ಬೇಡ ಅಂದಿರಿ, ಅದರಿಂದ ಏನಾಗಬಹುದು ಎಂದು ಹೇಳಿದರು, ಯಾವ ಲಕ್ಷಣ ಕಂಡರೆ ತಿರುಗಿ ಬರಬೇಕು ಎಂಬ ಮೂರೂ ಅದರಲ್ಲಿ ಇರಬೇಕು.